ಸತ್ತ ದೊರೆಗೊಂದು ಶಾಲು

ಹೊಗಳಿಕೆಗೆ ಉಬ್ಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಉಬ್ಬುವುದು ಪೂರಿಗೆ ಶೋಭೆ, ಮನುಷ್ಯನಿಗಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಾನು ಹೇಳದ ದಿನವೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಕೊಟ್ಟೂರಿನ ಕಡೆ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಪಾಠಕ್ಕಿದ್ದದ್ದು ಒಂದು ಹಳೆಯ ದುರಂತ ನಾಟಕ. ದೊರೆಯನ್ನು ಹೊಗಳಿ ಹೊಗಳಿಯೇ ಸಭೆಗೆ ಕರೆತಂದು ಗೆಳೆಯರೇ ಇರಿದು ಕೊಲ್ಲುವ ಕಥೆ. "ಹೊಗಳಿಕಿ ಅಂದ್ರ ನಿಮಗ ಆಗಂಗಿಲ್ಲ ಅಂತ ಹೇಳಿದ್ರ ಸಾಕು, ಎಂಥಾ ದೊರಿನೂ ಕರಗ್ತಾನ" ಎಂದು ಮೇಜು ಗುದ್ದಿ ಹೇಳುತ್ತಿದ್ದೆ.

ಆ ವರ್ಷ ವಾರ್ಷಿಕೋತ್ಸವಕ್ಕೆ ಅದನ್ನೇ ಕನ್ನಡದಲ್ಲಿ ಆಡಿದೆವು. ದೊರೆ ನಾನೇ. ಗಣಿತದ ಕೊಟ್ರೇಶಪ್ಪನಿಗೂ ಆ ಕಿರೀಟದ ಮೇಲೆ ಕಣ್ಣಿತ್ತು. ನಟನೆ ಮೆಚ್ಚಿದವರು ನಡುವೆಯೇ ಆಟ ನಿಲ್ಲಿಸಿ, ಮೈಕಿನಲ್ಲಿ ಕೂಗಿಸಿ ಶಾಲು ಹೊದಿಸುವುದು ನಮ್ಮ ಕಡೆಯ ಪದ್ಧತಿ. ನಟ ಎದ್ದು ನಿಂತು ಕೈಮುಗಿಯಬೇಕು. ಸತ್ತ ಮೇಲೆ ಬ್ರಹ್ಮನೇ ಶಾಲು ತಂದರೂ ನಾನು ಏಳುವವನಲ್ಲ ಎಂದು ಜಂಬ ಕೊಚ್ಚಿದೆ.

"ಎದ್ರ ಮುಂದಿನ ವರ್ಷ ದೊರಿ ಪಾರ್ಟು ನನಗ ಬಿಟ್ಟುಕೊಡ್ಬೇಕು ನೋಡ್ರಿ" ಅಂದ ಕೊಟ್ರೇಶಪ್ಪ.

"ಆತ್ರಿ" ಅಂದೆ.

ಮಟಮಟ ಮಧ್ಯಾಹ್ನ, ಶಾಮಿಯಾನದ ತುಂಬ ಜನ. ಕಟ್ಟಿಗೆಯ ಕತ್ತಿಗಳು ನನ್ನ ಮೈಮೇಲೆ ಬಿದ್ದವು. ನಾನು ಮೂರು ಸುತ್ತು ತಿರುಗಿ, ಕಂಬ ಹಿಡಿದು, ಸಾವಕಾಶವಾಗಿ ಸತ್ತೆ. ಹೆಂಗಸರ ಕಡೆ ಯಾರೋ ಬಿಕ್ಕಿದರು. ಅದು ನನ್ನ ಹೆಂಡತಿಯಲ್ಲ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಮೈಕಿನಿಂದ ಕೊಟ್ರೇಶಪ್ಪನ ದನಿ.

"ಹಡಗಲಿಯಿಂದ ಹರಪನಹಳ್ಳಿ ತನಕ ಇಂಥಾ ಸಾವು ಯಾರೂ ಸತ್ತಿಲ್ಲ! ಹೊಗಳಿಕಿ ಅಂದ್ರ ಆಗದಂಥಾ ನಮ್ಮ ಮೇಷ್ಟ್ರಿಗೆ, ಅವರು ಒಲ್ಲೆ ಅಂದ್ರೂ, ನನ್ನ ಕಡಿಂದ ಒಂದು ಶಾಲು!"

ಒಲ್ಲೆ ಅನ್ನುವುದಕ್ಕಾದರೂ ಏಳಬೇಕಲ್ಲ! ಎದ್ದೆ. ಎದ್ದ ಮೇಲೆ ಒಲ್ಲೆ ಅನ್ನುವುದು ಮರೆತುಹೋಗಿ ಕೈಮುಗಿದೆ. ಇರಿದವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಶಾಮಿಯಾನ ಹಾರಿಹೋಗುವಂಥ ಶಿಳ್ಳೆ. "ಒನ್ಸ್ ಮೋರ್! ಇನ್ನೊಮ್ಮೆ ಸಾಯ್ರಿ ಸರ್!" ಶಾಲಿನ ಸಮೇತ, ಎರಡು ಸುತ್ತು ಹೆಚ್ಚಿಗೆ ತಿರುಗಿ ಮತ್ತೆ ಸತ್ತೆ. ಅಂಥ ಜಯಭೇರಿ ಬದುಕಿದ್ದ ಯಾವ ದೊರೆಯೂ ಕೇಳಿರಲಾರ.

ಮರುವರ್ಷ ಕೊಟ್ರೇಶಪ್ಪನೇ ದೊರೆಯಾದ. ಅವನ ಸಾವಿಗೆ ಒಂದು ಕರವಸ್ತ್ರವೂ ಬರಲಿಲ್ಲ. ನನ್ನ ಪಾಠ ಮಾತ್ರ ಎಂದಿನಂತೆ ನಡೆಯಿತು. ಹೊಗಳಿಕೆಯೇ ಆ ದೊರೆಯನ್ನು ಕೊಂದಿತು ಎಂದು ಶುರುಮಾಡಿದ್ದೆ, ಹಿಂದಿನ ಬೆಂಚಿನಿಂದ ದನಿ ಬಂತು: "ಆತ ಒಂದ ಸಲ ಸತ್ತ ಬಿಡ್ರಿ ಸರ್. ನಿಮ್ಮಂಗ ಎರಡು ಸಲ ಸಾಯಾಕ ಯಾರಿಗೆ ಆಗ್ತೈತಿ?"

ಗದರಬೇಕೆಂದು ಬಾಯಿ ತೆರೆದವನು, "ಹಂಗಂತೀಯೇನು?" ಎಂದು ಕೇಳಿಬಿಟ್ಟೆ.