ಒಬ್ಬನಿಗೇ ಇರಬೇಕಾದ ಹೆಸರು

“ನನ್ನ ಮೊಮ್ಮಗನ ಹೆಸರು ಈ ಊರಲ್ಲಿ ಇನ್ನೊಬ್ಬನಿಗೆ ಇರಕೂಡದು!” ಎಂದು ನಮ್ಮ ಯಜಮಾನರು ಇಸ್ತ್ರಿಪೆಟ್ಟಿಗೆ ಮೇಲೆತ್ತಿ ಶಪಥ ಮಾಡಿದ್ದು ಬುಧವಾರ. ಗುರುವಾರ ಬೆಳಗ್ಗೆ ಹೊರಟೇಬಿಟ್ಟರು. ಬುಧವಾರದ್ದು ಮೊದಲು ಹೇಳಿ ಮುಗಿಸುತ್ತೇನೆ.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಮುಂದೆ ಕೌಂಟರು, ಹಿಂದೆ ತೊಟ್ಟಿ, ಮಹಡಿಯ ಮೇಲೆ ಸಂಸಾರ. ಪ್ರತಿ ಗಂಟಿಗೂ ಹೆಸರಿನ ಚೀಟಿ ಸಿಕ್ಕಿಸಬೇಕು. ಕಷ್ಟವೆಲ್ಲ ಅಲ್ಲೇ. ಒಂದೇ ಹೆಸರಿನವರು ಏಳೆಂಟು ಜನ! ಮೂವತ್ತೊಂದು ವರ್ಷದಲ್ಲಿ ಯಾರ ಪ್ಯಾಂಟು ಯಾರ ಸೊಂಟ ಹತ್ತಿತು ಎಂದು ಬರೆದರೆ ದೊಡ್ಡ ಪುರಾಣವಾಗುತ್ತದೆ.

ಇವರ ಹೆಸರೇ ಆ ಪುರಾಣದ ಮೊದಲ ಅಧ್ಯಾಯ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರಲ್ಲಿ ಅರ್ಧ ಜನ “ಏನು, ಕರೆದ್ರಾ?” ಎನ್ನುತ್ತಾರೆ. ನಮ್ಮ ಬೀದಿಯಲ್ಲೇ ಆರು ಜನ. ಆಸ್ಪತ್ರೆಯಲ್ಲಿ ಕರೆದರೆ ಇಡೀ ಬೆಂಚು ಏಳುತ್ತಿತ್ತು. ಒಮ್ಮೆ ಅದೇ ಹೆಸರಿನ ಇನ್ನೊಬ್ಬರ ಮೂಲವ್ಯಾಧಿ ಮುಲಾಮು ಇವರ ಕೈಗೆ ಬಂತು. ವಾರವಿಡೀ ಮಂಡಿಗೆ ತಿಕ್ಕಿಕೊಂಡರು. ಮಂಡಿ ವಾಸಿಯಾಯಿತು. ಆ ಇನ್ನೊಬ್ಬರ ಗತಿ ಏನಾಯಿತೋ, ಕೇಳುವ ಧೈರ್ಯ ನಮಗಾಗಲಿಲ್ಲ.

ಅಷ್ಟೂ ಗಂಟುಗಳಲ್ಲಿ ಎಂದೂ ಅದಲುಬದಲಾಗದ್ದು ಒಂದೇ, ಹಲ್ಲಿನ ಡಾಕ್ಟರದು. ವಾರಕ್ಕೆ ಐದು ಬಿಳಿ ಕೋಟು. ಹೆಸರು ಎಲ್ಕಾನಾ. ಆ ಬುಧವಾರ ಕೋಟು ಒಯ್ಯಲು ಬಂದವರನ್ನು ಇವರು ಹಿಡಿದು ಕೂರಿಸಿದರು.

“ಡಾಕ್ಟ್ರೇ, ನಿಮ್ಮ ಹೆಸರು ಯಾವ ಕಡೇದು?”

“ಹೀಬ್ರೂ. ಯೆಹೂದ್ಯರ ಹಳೇ ಭಾಷೆ. ಬೈಬಲ್ಲಲ್ಲಿ ಬರುತ್ತೆ, ಪ್ರವಾದಿಯೊಬ್ಬರ ತಂದೆ ಹೆಸರು.”

“ಅರ್ಥ?”

“ದೇವರು ಕೊಂಡುಕೊಂಡ ಅಂತ. ತನ್ನದಾಗಿ ಮಾಡ್ಕೊಂಡ ಅಂತಾನೂ ಹೇಳ್ತಾರೆ.”

“ಚೌಕಾಸಿ ಮಾಡಿದ್ನಂತಾ?” ನಾನು ತೊಟ್ಟಿಯ ಹತ್ತಿರದಿಂದಲೇ ಕೇಳಿದೆ.

“ಏಯ್, ಸುಮ್ನಿರೇ! ಡಾಕ್ಟ್ರೇ, ಈ ಹೆಸರಿನವರು ಎಷ್ಟು ಜನ ಇದೀರಿ?”

“ನನಗೀಗ ಐವತ್ತೆರಡು. ಇವತ್ತಿನವರೆಗೂ ಇನ್ನೊಬ್ಬ ಸಿಕ್ಕಿಲ್ಲ.”

ಸಾಕು! ಇವರ ಮುಖ ಹೊಸ ಬಲ್ಬು ಹಾಕಿದ ಹಾಗಾಯಿತು. ಡಾಕ್ಟರು ಮೆಟ್ಟಿಲಿಳಿಯುವ ಮೊದಲೇ ಶಪಥ ಆಯಿತು. ಬಸುರಿ ಮಗಳಿಗೆ ಆಗ ಐದು ತಿಂಗಳು.

“ಹೆಣ್ಣಾದ್ರೆ?” ಎಂದೆ.

“ಹೆಣ್ಣಾದ್ರೆ ನೀನು ಹುಡುಕು. ಗಂಡಿನ ಖಾತೆ ನಂದು.”

ಸಂಜೆ ಹಳೆಯ ಬಿಳಿ ಹೊದಿಕೆ ಹರಿದು ಕೂಸಿಗೆ ಕಟ್ಟಲು ಎರಡು ಡಜನ್ ಚೌಕ ಮಾಡಿದರು. ಗುರುತು ಹಾಕುವ ಮಸಿ ತೆಗೆದು ಪ್ರತಿಯೊಂದರ ಮೂಲೆಗೂ ‘ಎಲ್ಕಾನಾ’ ಎಂದು ಬರೆದರು. ಆ ಮಸಿ ಕುದಿಸಿದರೂ ಹೋಗದು.

“ಮಗು ಇನ್ನೂ ಹುಟ್ಟಿಲ್ಲ ಕಣ್ರೀ!”

“ಗಂಟು ಬರೋದಕ್ಕೆ ಮುಂಚೆ ಚೀಟಿ ರೆಡಿ ಇರ್ಬೇಕು ಕಣೇ. ಹೆರಿಗೆ ಆಗೋವರೆಗೂ ಯಾರ ಹತ್ರಾನೂ ಉಸಿರೆತ್ತಬೇಡ. ಹೆಸರು ಹೊರಗೆ ಬಿತ್ತೋ, ಎತ್ಕೊಂಡು ಹೋಗ್ತಾರೆ.”

“ನನಗೆ ಹೇಳ್ತೀರಾ ಇದನ್ನ?”

ಜಂಬವಲ್ಲ. ಊರಿನವರ ಜೇಬು ತಡಕಿದವಳು ನಾನು. ಯಾರ ಅಂಗಿಗೆ ಯಾರ ಕೂದಲು ಅಂಟಿತ್ತು, ಯಾರ ಪ್ಯಾಂಟಿನಲ್ಲಿ ಎಂಥ ಪತ್ರ ಇತ್ತು, ಎಲ್ಲ ಗೊತ್ತು. ಬಾಯಿ ಬಿಟ್ಟಿದ್ದರೆ ನಮ್ಮ ಬೀದಿಯಲ್ಲಿ ಅರ್ಧ ಸಂಸಾರ ಉಳಿಯುತ್ತಿರಲಿಲ್ಲ! ಅಂಥ ಬಾಯಿ ನನ್ನದು. ಬೀಗ ಹಾಕಿ ಕೀಲಿ ನುಂಗಿದ ಬಾಯಿ.

ಗುರುವಾರ ಬೆಳಗ್ಗೆ ಇವರು ಸ್ಟೇಷನ್ ಮಾಸ್ಟರ ಒಳಚಡ್ಡಿಯೊಂದನ್ನು ಎತ್ತಿ ಹಿಡಿದರು. ಅದು ತಾನೇ ನಿಂತಿತು.

“ಇದಕ್ಕೆ ಗಂಜಿ ಹಾಕಿದ್ಯಾ? ಪಾಪ, ಮನುಷ್ಯ ಕೂರೋದು ಹ್ಯಾಗೆ?” ಎಂದರು.

ತಾವು ಸ್ಟೂಲಿನ ಮೇಲೆ ಕೂತರು. ಮತ್ತೆ ಏಳಲಿಲ್ಲ. ಎದೆಬಡಿತ ನಿಂತಿತು ಎಂದರು ಆಸ್ಪತ್ರೆಯ ಡಾಕ್ಟರು. ನನಗೆ ಗೊತ್ತಾದದ್ದು ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಸುಟ್ಟ ವಾಸನೆ ಬಂದಾಗ. ಇವರು ಬಟ್ಟೆ ಸುಟ್ಟವರೇ ಅಲ್ಲ.

ಏನು ನಡೆದಿದೆ ಎಂದು ನನಗೆ ತಕ್ಷಣ ಹೊಳೆಯಿತು. ಗಂಟು ಅದಲುಬದಲಾಗಿದೆ! ಅದೇ ಹೆಸರಿನ ಅಜ್ಜ ಬೀದಿ ಕೊನೆಯಲ್ಲಿದ್ದಾರೆ. ತೊಂಬತ್ತೊಂದು ವರ್ಷ. ಮೇಲಿನವನು ಬಂದದ್ದು ಅವರಿಗಾಗಿ. ಹೆಸರು ನೋಡಿ, ಮನೆ ನೋಡದೆ, ಇವರನ್ನು ಎತ್ತಿಕೊಂಡು ಹೋದ. ನಮ್ಮ ಅಂಗಡಿಯಲ್ಲಾದರೆ ತಪ್ಪಾದ ಗಂಟನ್ನು ಸಂಜೆಯೊಳಗೆ ವಾಪಸು ತಂದುಕೊಡುತ್ತೇವೆ. ಅಲ್ಲಿ ಆ ಪದ್ಧತಿ ಇಲ್ಲ.

ಅಜ್ಜನೂ ನೋಡಲು ಬಂದಿದ್ದರು, ಕೋಲೂರಿಕೊಂಡು. ತಪ್ಪೆಲ್ಲ ತಮ್ಮದೇ ಎನ್ನುವ ಮುಖ.

ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ.

“ಕೊನೇ ಗಳಿಗೇಲಿ ಏನಂದ್ರು?”

ಏನು ಹೇಳಲಿ? ಸ್ಟೇಷನ್ ಮಾಸ್ಟರ ಚಡ್ಡಿ ಎನ್ನಲೇ? ಸ್ಟೇಷನ್ ಮಾಸ್ಟರೇ ಎದುರಿಗೆ ಕೂತಿದ್ದಾರೆ! ಮೊದಲು ಕೇಳಿದವಳು ಬೇಕರಿಯವಳು. ಏಳೂವರೆ ತಿಂಗಳ ಬಸುರಿ, ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದಳು. ನನ್ನ ಬಾಯಿಯ ಬೀಗ ಬಿಟ್ಟುಕೊಂಡಿತು.

“ಮೊಮ್ಮಗನಿಗೆ ಎಲ್ಕಾನಾ ಅಂತ ಇಡು ಅಂದ್ರು ಕಣೆ. ದೇವರು ತನ್ನದು ಮಾಡ್ಕೊಂಡ ಅಂತ ಅರ್ಥವಂತೆ.”

“ಅಯ್ಯೋ ಅಕ್ಕಾ! ಎಂಥಾ ಮಾತು! ತಮಗೇ ಗೊತ್ತಿತ್ತು ಅನ್ಸುತ್ತೆ!” ಎಂದು ಅವಳ ಅಳು ಇಮ್ಮಡಿಯಾಯಿತು.

ಹೇಳಿದರೆ ನನ್ನ ಎದೆಯೂ ಒಂಚೂರು ಹಗುರಾಗುತ್ತಿತ್ತು. ಅದಕ್ಕೇ ಎರಡನೆಯವರಿಗೂ ಹೇಳಿದೆ. ಹತ್ತನೆಯವರ ಹೊತ್ತಿಗೆ ಇವರು ಆಕಾಶ ನೋಡಿ ಕೈ ಮುಗಿದು ಹೇಳಿದರು ಎಂದಾಗಿತ್ತು. ನಮ್ಮ ಅಂಗಡಿಗೆ ತಗಡಿನ ಸೂರು. ಆಕಾಶ ಎಲ್ಲಿಂದ ಕಾಣಬೇಕು!

ಒಂದೂವರೆ ತಿಂಗಳಿಗೆ ಬೇಕರಿಯವಳು ಹೆತ್ತಳು. ಗಂಡು. ಎತ್ತಿಕೊಂಡು ನೇರ ನನ್ನ ಕೌಂಟರಿಗೇ ಬಂದಳು.

“ಅಕ್ಕಾ, ಅಣ್ಣನ ಮಾತು ಮನಸ್ಸಿಗೆ ನಾಟಿಬಿಡ್ತು. ಎಲ್ಕಾನಾ ಅಂತಲೇ ಇಟ್ಟೆ! ಖುಷಿ ಆಯ್ತಾ?”

ಖುಷಿಯೇ! ಅವಳ ಜುಟ್ಟು ಹಿಡಿಯಬೇಕು ಎನಿಸಿತು. ಆದರೆ ಸತ್ತವರ ಮೇಲಿನ ಪ್ರೀತಿಗೆ ಇಟ್ಟವಳ ಜುಟ್ಟನ್ನು ಹ್ಯಾಗೆ ಹಿಡಿಯುವುದು?

“ಆಯ್ತಮ್ಮ,” ಎಂದೆ.

ಅದಾದ ಮೇಲೆ ಬಸ್ ಡ್ರೈವರನ ಹೆಂಡತಿ. ಅವಳಿಗೂ ಗಂಡು, ಅವನೂ ಎಲ್ಕಾನಾ. ಹತ್ತೇ ದಿನಕ್ಕೆ ಕ್ಷೌರದಂಗಡಿಯವರ ಸೊಸೆ. ಅಲ್ಲಿಗೆ ಮೂರು! ದೇವರು ನಮ್ಮ ಬೀದಿಗೆ ಸಗಟು ಖರೀದಿಗೆ ಇಳಿದಿದ್ದ. ಬೀಗ ರಿಪೇರಿಯವನು ನಾಯಿಮರಿ ತಂದ. ಅದರ ಹೆಸರನ್ನು ನಾನು ಹೇಳಬೇಕಾಗಿಲ್ಲ.

ಹಲ್ಲಿನ ಡಾಕ್ಟರಿಗೆ ಇದ್ಯಾವುದೂ ತಿಳಿಯದು. ಒಂದು ದಿನ ಕೋಟು ಹಿಡಿದು ಬರುತ್ತಿದ್ದಾರೆ. ಬೇಕರಿಯೊಳಗಿಂದ ಕೂಗು ಬಂತು.

“ಎಲ್ಕಾನಾ! ಮತ್ತೆ ಉಚ್ಚೆ ಹೊಯ್ಕೊಂಡ್ಯಾ? ಈಗ ತಾನೇ ಒಣಗಿದ್ದು ಹಾಕಿದ್ನಲ್ಲೋ!”

ಡಾಕ್ಟರು ಬೀದಿಯ ನಡುವೆ ನಿಂತರು. ಒಮ್ಮೆ ಕೆಳಗೆ ನೋಡಿಕೊಂಡರು. ಆಮೇಲೆ ಬೇಗ ಬೇಗ ಬಂದು ಕೋಟನ್ನು ನನ್ನ ಮೇಲೆ ಎಸೆದ ಹಾಗೆ ಇಟ್ಟರು.

“ಅಮ್ಮಾ, ಐವತ್ತೆರಡು ವರ್ಷ ಒಬ್ಬನೇ ಆರಾಮಾಗಿದ್ದೆ. ನಿಮ್ಮ ಬೀದಿಗೆ ಏನಾಯ್ತು?”

ಏನಾಯಿತು ಎಂದು ಹೇಳಲು ನನಗೆ ಬಾಯಿರಲಿಲ್ಲ. ಇರಬೇಕಾದಾಗ ಇರುವುದಿಲ್ಲ ಅದು.

ಇವರು ಹೆಸರು ಬರೆದಿಟ್ಟ ಚೌಕಗಳೂ ಕೈಬಿಟ್ಟು ಹೋದವು. ಬಿಸಿಲಿಗೆ ಹಾಕಿದ್ದೆ, ಹೆರಿಗೆಗೆ ಸಿದ್ಧವಿರಲಿ ಎಂದು. ಸಂಜೆ ನೋಡಿದರೆ ಹಗ್ಗ ಬರಿದು! ಮೂರು ಮನೆಯವರೂ ತಮ್ಮದೆಂದು ತೆಗೆದುಕೊಂಡು ಹೋಗಿದ್ದಾರೆ. “ಹೆಸರಿದೆಯಲ್ಲಕ್ಕಾ!” ಎಂದಳು ಬೇಕರಿಯವಳು. “ನೀವೇ ಮುಂಚಿತವಾಗಿ ಬರೆದಿಟ್ಟಿದ್ರಿ ಅಂದ್ಕೊಂಡೆ. ಎಂಥಾ ಮನಸ್ಸು ನಿಮ್ಮದು!”

ಮಗಳು ಹೆರಿಗೆಗೆಂದು ಬಂದದ್ದು ಅದೇ ವಾರ. ಇವರು ಹೋದಾಗ ಬಸುರಿಗೆ ಪ್ರಯಾಣ ಬೇಡವೆಂದು ಅವಳನ್ನು ಕರೆಸಿರಲಿಲ್ಲ, ಹೆಸರಿನ ಸಂಗತಿ ಫೋನಿನಲ್ಲಿ ನಾನೇ ಹೇಳಿದ್ದೆ. ಎಂಟೂವರೆ ತಿಂಗಳ ಹೊಟ್ಟೆ ಹೊತ್ತು ಮಹಡಿ ಹತ್ತಿದಳು. ಕಿಟಕಿಯಿಂದ ಎರಡು ಕೂಗು ಕೇಳಿಸಿಕೊಂಡಳು. ನಾಯಿಯದೂ ಸೇರಿ ಮೂರು.

“ಅಮ್ಮಾ, ಅಪ್ಪ ಇಟ್ಟಿದ್ದ ಹೆಸರನ್ನ ಯಾರಿಗೆ ಹೇಳಿದೆ?”

“ಯಾರಿಗೂ ಇಲ್ಲ. ಬಂದೋರಿಗೆ ಅಷ್ಟೇ.”

“ಎಷ್ಟು ಜನ ಬಂದಿದ್ರು?”

“ನಿಮ್ಮಪ್ಪನ್ನ ನೋಡೋಕೆ ಊರೇ ಬಂದಿತ್ತಲ್ಲೇ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆ ಕಡೆ ತಿರುಗಿ ಮಲಗಿದಳು. “ಅಪ್ಪ ಬೇರೇನೂ ಕೇಳಿರ್ಲಿಲ್ಲ, ಅಲ್ವಾ?” ಎಂದಳು.

ಹೌದು. ಆ ಮನುಷ್ಯ ನನ್ನ ಹತ್ತಿರ ಮೂವತ್ತೊಂದು ವರ್ಷದಲ್ಲಿ ಕೇಳಿದ್ದು ಅದೊಂದೇ. ಸೀರೆ ಕೇಳಿದ್ದು ನಾನು, ಬಳೆ ಕೇಳಿದ್ದು ನಾನು, ಜಗಳಕ್ಕೆ ಕರೆದದ್ದೂ ನಾನೇ. ಇವರು ಕೇಳಿದ್ದು ಬಾಯಿ ಮುಚ್ಚಿಕೊಂಡಿರು ಎಂದು. ಒಂದು ದಿನವೂ ಮುಚ್ಚಿಕೊಂಡಿರಲಾಗಲಿಲ್ಲ.

ಮಗು ಹುಟ್ಟಿತು. ಗಂಡೇ. ಇವರ ಖಾತೆಯೇ. ಕಿವಿ ಇವರದು, ಮೂಗು ಬೀಗರದು. ಹೆಸರಿಲ್ಲ. “ಪುಟ್ಟ” ಎಂದಳು ಮಗಳು, “ಕೂಸು” ಎಂದೆ ನಾನು, “ಅದು” ಎಂದ ಅಳಿಯ. ನಾನು ಗುಟ್ಟಾಗಿ ಅಪರೂಪದ ಹೆಸರು ಹುಡುಕತೊಡಗಿದೆ. ಗಂಟಿನ ಚೀಟಿಗಳನ್ನೆಲ್ಲ ತಿರುವಿ ಹಾಕಿದೆ. ಇವರ ಗೀಚು ಅಕ್ಷರ ನನಗೆ ಅರ್ಥವಾಗುವುದು ಅಷ್ಟಕ್ಕಷ್ಟೇ. ಅಪರೂಪ ಎಂದುಕೊಂಡು ಒಂದನ್ನು ಆರಿಸಿ ಮಗಳಿಗೆ ತೋರಿಸಿದೆ.

“ಅಮ್ಮಾ, ಇದು ಹೆಸರಲ್ಲ. ‘ಕಾಲರ್ ಹರಿದಿದೆ’ ಅಂತ ಅಪ್ಪ ಬರೆದಿರೋದು.”

ಆರನೇ ವಾರ ಚುಚ್ಚುಮದ್ದಿಗೆ ಹೋದೆವು. ಬಾಗಿಲಲ್ಲಿ ಫಾರಂ ಕೊಟ್ಟರು. ಮಗಳು ತುಂಬಿದಳು, ನನಗೆ ತೋರಿಸಲಿಲ್ಲ. ಬೆಂಚಿನ ಮೇಲೆ ನಮ್ಮ ಬೀದಿಯೇ ಕೂತಿತ್ತು. ನರ್ಸಮ್ಮ ಕನ್ನಡಕ ಏರಿಸಿ ಕೂಗಿದರು.

“ಎಲ್ಕಾನಾ!”

ಮೂವರು ತಾಯಂದಿರು ಎದ್ದರು. ಬೇಕರಿಯವಳ ಮೊಣಕೈ ಡ್ರೈವರನ ಹೆಂಡತಿಗೆ ತಗುಲಿತು, ಅವಳ ಕಾಲು ಕ್ಷೌರದಂಗಡಿಯ ಸೊಸೆಗೆ. ಮೂರು ಮಕ್ಕಳೂ ಒಟ್ಟಿಗೆ ಅತ್ತವು.

“ಇದೇನ್ರಮ್ಮ, ಡಜನ್ ಲೆಕ್ಕದಲ್ಲಿ ಇಟ್ಟಿದೀರಾ?” ಎಂದರು ನರ್ಸಮ್ಮ. ಮೂವರಿಗೂ ಚುಚ್ಚಿ ಕಳಿಸಿದರು. ಯಾರಿಗೋ ಎರಡು ಸಲ ಚುಚ್ಚಲು ಹೊರಟಿದ್ದರು, ತಾಯಿ ಕೂಗಿಕೊಂಡ ಮೇಲೆ ಬಿಟ್ಟರು.

ಆಮೇಲೆ ಇನ್ನೊಂದು ಹೆಸರು ಕರೆದರು.

ಇವರದು.

ನಾನು ಅಭ್ಯಾಸಬಲದಿಂದ ಹಿಂದಕ್ಕೆ ನೋಡಿದೆ, ಎಷ್ಟು ಜನ ಏಳುತ್ತಾರೆ ಎಂದು. ಯಾರೂ ಏಳಲಿಲ್ಲ. ನನ್ನ ಪಕ್ಕದಲ್ಲಿ ಮಗಳು ಎದ್ದಳು. ಒಬ್ಬಳೇ.

“ಅಪರೂಪದ ಹೆಸರು!” ಎಂದರು ನರ್ಸಮ್ಮ. “ಮುಂಚೆ ಎಲ್ಲೆಲ್ಲೂ ಇದೇ. ಈಗ ಯಾರಿಡ್ತಾರೆ? ಈ ವರ್ಷ ನನ್ನ ರಿಜಿಸ್ಟರಿನಲ್ಲಿ ಇವನೊಬ್ಬನೇ.”

ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಮಗುವಿಗೆ ಸೂಜಿ ಚುಚ್ಚಿದ್ದಕ್ಕೆ ಅಳು ಬಂತು ಎಂದು ಎಲ್ಲರೂ ತಿಳಿದರು. ತಿಳಿಯಲಿ. ಮೆಟ್ಟಿಲಿಳಿಯುವಾಗ ಮಗಳನ್ನು ಹಿಡಿದು ಕೇಳಿದೆ.

“ನನಗೊಂದು ಮಾತು ಹೇಳ್ಬಾರ್ದಿತ್ತೇನೇ?”

“ಹೇಳಿದ್ರೆ ಈಗ ಬೆಂಚಿನಲ್ಲಿ ಇನ್ನೂ ಮೂವರು ಏಳ್ತಿದ್ರು, ಅಮ್ಮಾ.”

ಸರಿಯಾದ ಮಾತು. ಬಾಯಿ ಮುಚ್ಚಿಕೊಂಡೆ. ಮುಚ್ಚಲು ಬರುತ್ತದೆ ನನಗೆ, ಸ್ವಲ್ಪ ತಡವಾಗಿ.

ಮಗಳು ಈಗ ಕೆಲಸಕ್ಕೆ ಹೋಗುತ್ತಾಳೆ. ಬೆಳಗ್ಗೆ ಮಗುವಿನ ಸ್ನಾನ ನನ್ನ ಪಾಲು. “ಹೆಸರು ಹಿಡಿದು ಕರಿ ಅಮ್ಮಾ, ಇಲ್ದಿದ್ರೆ ಅವನಿಗೆ ಗೊತ್ತಾಗಲ್ಲ,” ಎಂದು ಹೇಳಿ ಹೋಗುತ್ತಾಳೆ. ಗಟ್ಟಿ ಮನಸ್ಸು ಮಾಡುತ್ತೇನೆ. ನೀರು ಹದ ನೋಡುತ್ತೇನೆ. ಟಬ್ಬಿನಲ್ಲಿ ಕೂರಿಸಿ ಬೆನ್ನಿಗೆ ಕೈ ಕೊಡುತ್ತೇನೆ. ಹೆಸರು ನಾಲಗೆ ತುದಿಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಇವರು ಎದುರಿಗಿದ್ದಾಗ ಒಮ್ಮೆಯೂ ಆ ಹೆಸರು ಹಿಡಿದು ಕರೆದವಳಲ್ಲ.

“ರೀ,” ಎನ್ನುತ್ತೇನೆ, “ಕಣ್ಣು ಮುಚ್ಕೊಳ್ರೀ. ಸೋಪು ಹೋಗುತ್ತೆ.”

ಮುಚ್ಚುವುದಿಲ್ಲ. ನನ್ನನ್ನೇ ನೋಡುತ್ತಾನೆ.