ಗುಂಡ, ಗುಬ್ಬಿ, ನಡುವೆ ಒಂದು ಖಾಲಿ ಜಾಗ

ನಮ್ಮ ಲ್ಯಾಪ್‌ಟಾಪಿನಲ್ಲಿ ಬೀಡುಬಿಟ್ಟಿರುವ ಮಹಾಮಹಿಮ ಬಿಗ್ ಡೇಟಾ ತಂತ್ರಾಂಶದವರ ಸನ್ನಿಧಿಗೆ,

ಮಾನ್ಯರೇ,

ಮದುವೆಯ ಉಡುಗೊರೆಗಳನ್ನೇ ಇನ್ನೂ ಬಿಚ್ಚಿ ಮುಗಿಸದ ಹೊಸ ಸೊಸೆಯ ಹೃತ್ಪೂರ್ವಕ ವಂದನೆಗಳು. ಸಾವಿರಾರು ಕಂಪ್ಯೂಟರುಗಳಿಗೆ ಕೆಲಸ ಹಂಚಿ ಬೆಟ್ಟದಷ್ಟು ಮಾಹಿತಿ ಅರೆಯುವ ತಾವು ನಮ್ಮ ಬಡ ಲ್ಯಾಪ್‌ಟಾಪಿಗೆ ದಯಮಾಡಿಸುತ್ತಿದ್ದೀರೆಂದು ನಮ್ಮವರು ಹೇಳಿದಾಗ ನಾನು ಕುಣಿದೇಬಿಟ್ಟೆ. ತಮ್ಮನ್ನು ಕರೆಸಿದ ಘನ ಉದ್ದೇಶವೆಂದರೆ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಅತಿ ಹೆಚ್ಚು 'ಶುಭೋದಯ' ಕಳಿಸುವವರು ಯಾರೆಂದು ಕಂಡುಹಿಡಿಯುವುದು. "ಅದಕ್ಕೆ ಕಂಪ್ಯೂಟರ್ ಯಾಕೋ? ನಿಮ್ಮ ಚಿಕ್ಕಪ್ಪನೇ ಕಣೋ!" ಎಂದು ಅತ್ತೆಯವರು ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು. "ಅಮ್ಮಾ, ಇದು ಡೇಟಾ ಸೈನ್ಸ್, ನಿಂಗೊತ್ತಾಗಲ್ಲ" ಎಂದ ಮಗರಾಯರು ನನ್ನತ್ತ ತಿರುಗಿ, "ಐದೇ ನಿಮಿಷ ಗುಬ್ಬೀ, ಆಮೇಲೆ ಸಮುದ್ರತೀರದ ಪ್ರವಾಸಕ್ಕೆ ಬಟ್ಟೆ ಜೋಡಿಸೋಣ" ಎಂದರು. ಆ ಐದು ನಿಮಿಷ ಇನ್ನೂ ನಡೆಯುತ್ತಲೇ ಇದೆ. ಮದುವೆಯ ರಜೆ ಮಾತ್ರ ಮುಗಿಯುತ್ತ ಬಂದಿದೆ.

ಮನೆಯಲ್ಲಿ ಯಂತ್ರ ಒಂದೇ ಇರುವುದರಿಂದ ತಾವು ಅದನ್ನೇ ಯಜಮಾನ, ಅದನ್ನೇ ಆಳು ಎಂದು ನೇಮಿಸಿ, ಅದು ತನಗೆ ತಾನೇ ಕೆಲಸ ಹೇಳಿಕೊಂಡು, ತಾನೇ ಮಾಡಿ, ತನಗೇ ವರದಿ ಒಪ್ಪಿಸುವಂತೆ ಮಾಡಿರುವ ಏರ್ಪಾಡು ಅದ್ಭುತ! ಇದನ್ನು ನಾವು ಗೃಹಿಣಿ ಎನ್ನುತ್ತೇವೆ. ಆಕೆಗೆ ಇಷ್ಟೊಂದು ಮೆಮೊರಿ ಯಾರೂ ಕೊಡಿಸುವುದಿಲ್ಲ, ಅಷ್ಟೇ.

ಇಷ್ಟೆಲ್ಲ ಉಪಚಾರದ ನಂತರವೂ ತಾವು ಮುನಿಸಿಕೊಂಡು ಕೆಲಸ ನಿಲ್ಲಿಸಿದ್ದೇಕೆಂದು ತಿಳಿದಾಗ ನನಗೆ ರೋಮಾಂಚನವಾಯಿತು. ಮದುವೆಯ ಸಂಭ್ರಮದಲ್ಲಿ ನಾನೇ ಲ್ಯಾಪ್‌ಟಾಪಿನ ಬಳಕೆದಾರರ ಹೆಸರನ್ನು 'ಗುಂಡ ಗುಬ್ಬಿ' ಎಂದು ಇಟ್ಟಿದ್ದೆ. ಗುಂಡ ಅವರು, ಗುಬ್ಬಿ ನಾನು. ಎರಡು ಪದಗಳ ನಡುವೆ ಬಿಟ್ಟ ಆ ಒಂದು ಖಾಲಿ ಜಾಗವನ್ನು ದಾಟಲಾರದೆ ತಾವು ಗುಂಡನ ಬಳಿಯೇ ನಿಂತು, ಮುಂದೆ ದಾರಿಯಿಲ್ಲವೆಂದು ಕೆಂಪು ಅಕ್ಷರಗಳಲ್ಲಿ ಗೋಳಾಡುತ್ತಿದ್ದಿರಂತೆ! ಗಂಡ ಹೆಂಡಿರ ನಡುವೆ ಎಳ್ಳಷ್ಟೂ ಅಂತರ ಸಹಿಸದ ಇಂಥ ಹಿರಿಯರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ? ಆದ್ದರಿಂದ, ಸೋಫಾದ ಮೇಲೆ ನಮ್ಮಿಬ್ಬರ ನಡುವೆ ಲ್ಯಾಪ್‌ಟಾಪ್ ಬಂದು ಕೂತಾಗಲೂ ತಾವು ಹೀಗೆಯೇ ಕೆಲಸ ನಿಲ್ಲಿಸಬೇಕೆಂದೂ, ತಮ್ಮ ಸಾವಿರಾರು ಕೈಗಳಲ್ಲಿ ಒಂದೆರಡನ್ನು ಸಿಂಕಿನ ಪಾತ್ರೆಗಳ ಕಡೆಗೆ ಕಳಿಸಬೇಕೆಂದೂ, ಸಮುದ್ರದ ಕಡೆಗೆ ಶನಿವಾರದ ರೈಲು ಹೊರಡುವುದರೊಳಗೆ ನನ್ನ ಗುಂಡನನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕೆಂದೂ ಬೇಡಿಕೊಳ್ಳುತ್ತೇನೆ.

ಖಾಲಿ ಜಾಗದ ಈಚೆ ದಡದಲ್ಲಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಗುಬ್ಬಿ

ತಾ.ಕ.: 'ಗುಂಡಗುಬ್ಬಿ' ಎಂದು ಅಂಟಿಸಿ ಬರೆದ ಮೇಲೆ ತಾವು ಪ್ರಸನ್ನರಾಗಿ, ಫ್ಯಾನು ಗಿರ್ರೆನ್ನಿಸಿ, ಉತ್ತರ ದಯಪಾಲಿಸಿದಿರಿ: ಚಿಕ್ಕಪ್ಪ. ಎರಡನೆಯ ಸ್ಥಾನ ಯಾರದೆಂದು ನೋಡಲು ನಮ್ಮವರಿಗೆ "ಇನ್ನೈದೇ ನಿಮಿಷ" ಬೇಕಂತೆ. ಈ ಸಾಲುಗಳನ್ನು ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಅವರ ಸೀಟಿನಲ್ಲಿ, ಕಿಟಕಿಯ ಪಕ್ಕ, ಅತ್ತೆಯವರಿದ್ದಾರೆ. ಗುಂಡನಿಗೂ ಗುಬ್ಬಿಗೂ ನಡುವೆ ಈಗ ನಾಲ್ಕು ಊರುಗಳಷ್ಟು ಖಾಲಿ ಜಾಗವಿದೆ. ತಮ್ಮ ಕೆಂಪು ಅಕ್ಷರಗಳನ್ನು ಮನೆಯಲ್ಲೇ ಉಳಿದ ನಮ್ಮವರಿಗೆ ಧಾರಾಳವಾಗಿ ತೋರಿಸಬಹುದು.