ಗುಂಡಿ ತಪ್ಪಿಸುತ್ತಿದ್ದ ಅಳಿಯ

ಆ ದಿನದ ತೊಂದರೆಗೆಲ್ಲ ಮೂಲ ಉಮೇಶನ ಕೈಗಳು. ಮಾಲೂರಿನ ಇಟ್ಟಿಗೆ ಲಾರಿಗಳಲ್ಲಿ ಪಳಗಿದ ಕೈಗಳು ಅವು. ದೂರದಲ್ಲಿ ಗುಂಡಿ ಕಂಡರೆ ಸಾಕು, ಅವನನ್ನು ಕೇಳದೆಯೇ ಸ್ಟೀರಿಂಗ್ ತಿರುಗಿಸಿಬಿಡುತ್ತಿದ್ದವು. ಇಟ್ಟಿಗೆ ಲಾರಿಗೆ ಅದು ದೊಡ್ಡ ಗುಣ. ಈಗ ಅವನು ಓಡಿಸುತ್ತಿದ್ದ, ರಸ್ತೆ ಅಳೆಯುವ ಕಾರಿಗೆ ಮಹಾ ದೋಷ.

ಆ ಕಾರಿನ ಬಂಪರಿಗೆ ಲೇಸರ್ ಯಂತ್ರ ಕಟ್ಟಿದ್ದರು. ಒಂದೇ ವೇಗದಲ್ಲಿ, ನೇರವಾಗಿ ಓಡಿಸಿದರೆ ಅದು ರಸ್ತೆಯ ಏರಿಳಿತ ಅಳೆದು ಅಂಕ ಕೊಡುತ್ತಿತ್ತು. ಅಂಕ ಹೆಚ್ಚಿದಷ್ಟೂ ರಸ್ತೆ ಕೆಟ್ಟದ್ದು. ತಾಲ್ಲೂಕಿನಲ್ಲಿ ಯಾವ ರಸ್ತೆಗೆ ಮೊದಲು ಹೊಸ ಡಾಂಬರು ಎಂಬುದು ಆ ಅಂಕವನ್ನು ನೋಡಿ ತೀರ್ಮಾನವಾಗಬೇಕಿತ್ತು. ಅವತ್ತು ಅಳೆಯಬೇಕಾಗಿದ್ದದ್ದು, ಗೌನಿಪಲ್ಲಿಯಿಂದ ಅವನ ಹೆಂಡತಿಯ ತವರೂರಿಗೆ ಹೋಗುವ ರಸ್ತೆ.

ಮೊದಲ ಸುತ್ತು ಮುಗಿದು ಕಾರು ಅತ್ತೆ ರಾಮಲಕ್ಷ್ಮಮ್ಮನ ಮನೆಮುಂದೆ ನಿಂತಾಗ, ಹಿಂದಿನ ಸೀಟಿನಲ್ಲಿದ್ದ ಇಂಜಿನಿಯರ್ ಶಿರೀಷಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು.

"ಉಮೇಶ್, ರೋಡಲ್ಲಿ ಓಡಿಸಿದ್ರಾ, ಇಲ್ಲ ಹಾವಿನ ಹಿಂದೆ ಹೋದ್ರಾ? ಒಂದು ಗುಂಡೀನೂ ಸಿಕ್ಕಿಲ್ಲ! ಇದನ್ನ ಕಳಿಸಿದ್ರೆ ಈ ರೋಡಿಗೆ ಏನೂ ಬೇಡ ಅಂತಾಗುತ್ತೆ. ಊಟ ಆದ್ಮೇಲೆ ಇನ್ನೊಂದ್ಸಲ ಓಡಿಸ್ಬೇಕು."

ಕಾರು ನೋಡಲು ಸೇರಿದ್ದ ಊರಿಗೆ ಊರೇ ಇದನ್ನು ಕೇಳಿಸಿಕೊಂಡಿತು. ಶಿರೀಷಾ ಊಟಕ್ಕೆ ಒಳಗೆ ಹೋದದ್ದೇ ತಡ, ರಾಮಲಕ್ಷ್ಮಮ್ಮ ಅಳಿಯನನ್ನು ಹಿತ್ತಲಿಗೆ ಎಳೆದೊಯ್ದರು.

"ಏಮಿ ಅಲ್ಲುಡೂ, ಏನಪ್ಪಾ ಅಳಿಯ, ಇದಕ್ಕೇನಾ ನಿಂಗೆ ಮಗಳ್ನ ಕೊಟ್ಟಿದ್ದು? ತೋಟದಲ್ಲಿ ಹಣ್ಣಾಗಿರೋ ಮಾವು ಮಂಡಿಗೆ ಹೋಗೋ ಹೊತ್ತಿಗೆ ಜ್ಯೂಸಾಗಿರುತ್ತೆ. ಲಾರಿಯೋರು ಬರಲ್ಲ ಅಂತಾರೆ. ನೀನು ನೋಡಿದ್ರೆ ಗುಂಡಿ ತಪ್ಪಿಸ್ಕೊಂಡು ಬಂದೆ!"

"ಬೇಕೂಂತ ಮಾಡಿಲ್ಲ ಅತ್ತೆ, ಅಭ್ಯಾಸ..."

"ಅಭ್ಯಾಸಕ್ಕೆ ನಾನು ಔಷಧಿ ಮಾಡ್ತೀನಿ," ಎಂದರು ಹಿಂದೆಯೇ ಬಂದಿದ್ದ ದೊಡ್ಡವೆಂಕಟಪ್ಪ. ಒಂದು ಕಾಲದಲ್ಲಿ ಪಂಚಾಯ್ತಿ ಮೆಂಬರಾಗಿದ್ದ ಇವರ ಅಧಿಕಾರ ಹೋಗಿತ್ತು, ಗತ್ತು ಹೋಗಿರಲಿಲ್ಲ. "ಗುಂಡಿ ಸಣ್ಣದಿದ್ರೆ ತಾನೇ ತಪ್ಪಿಸೋದು?"

ನೋಡನೋಡುತ್ತಿದ್ದಂತೆ ಹಾರೆ, ಗುದ್ದಲಿಗಳು ರಸ್ತೆಗಿಳಿದವು. ಉಮೇಶ ಓಡಿಬಂದು ಅಡ್ಡ ನಿಂತ.

"ಅಣ್ಣಾ, ಬೇಡ! ಮೇಡಂಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ!"

"ಗೊತ್ತಾಗೋದು ಹೆಂಗ್ಲಾ? ಗುಂಡಿ ಮೇಲೆ ಹುಟ್ಟಿದ ತಾರೀಕು ಬರೆದಿರ್ತಾರಾ?"

ಒಳಗೆ ರಾಮಲಕ್ಷ್ಮಮ್ಮ ಶಿರೀಷಾಳ ಎಲೆಗೆ ಮುದ್ದೆಯ ಮೇಲೆ ಮುದ್ದೆ ಇಳಿಸಿ, ಏಳದಂತೆ ನೋಡಿಕೊಂಡರು. ಹೊರಗೆ ಅಂಗೈಯಷ್ಟಿದ್ದ ಗುಂಡಿಗಳು ಎಮ್ಮೆ ಮಲಗುವಷ್ಟಾದವು.

ಮಧ್ಯಾಹ್ನ ಕಾರು ಹೊರಟಾಗ ದೊಡ್ಡವೆಂಕಟಪ್ಪ, "ದಾರಿ ತೋರಿಸ್ತೀನಿ" ಎಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಗೌನಿಪಲ್ಲಿಯವರೆಗೆ ಉಮೇಶ ಗುಂಡಿ ತಪ್ಪಿಸಿಕೊಂಡೇ ಹೋದ; ಅಲ್ಲಿಂದ ಊರ ಕಡೆ ತಿರುಗಿದ ಮೇಲೆ ಯಂತ್ರ ಶುರುವಾಯಿತು.

ಮೊದಲ ಗುಂಡಿ ಬಂತು. ಉಮೇಶನ ಕೈ ಎಡಕ್ಕೆ ಸೆಳೆಯಿತು. ದೊಡ್ಡವೆಂಕಟಪ್ಪ ಸ್ಟೀರಿಂಗಿಗೆ ಕೈ ಚಾಚಿದರು.

"ಮುಟ್ಟಬೇಡಿ!" ಎಂದು ಶಿರೀಷಾ ಹಿಂದಿನಿಂದ ಕಿರುಚಿದಳು. "ಉಮೇಶ್, ನೇರ ಇಳಿಸಿ!"

ಉಮೇಶ ಹಲ್ಲು ಕಚ್ಚಿ ಇಳಿಸಿದ. ಕಾರು ಕೆಳಗೆ ಹೋಯಿತು, ಅವನ ಜೀವ ಮೇಲಕ್ಕೆ ಬಂತು. ಮುಂದಿನದಕ್ಕೂ ಇಳಿಸಿದ, ಅದರ ಮುಂದಿನದಕ್ಕೂ. ದೊಡ್ಡವೆಂಕಟಪ್ಪನವರ ತಲೆ ಪ್ರತಿ ಸಲ ಚಾವಣಿಗೆ ಬಡಿಯುತ್ತಿತ್ತು. ಅವರು ಪ್ರತಿ ಸಲವೂ ಸಂತೋಷದಿಂದ ನರಳುತ್ತಿದ್ದರು. ಊರಿನ ಬಾಗಿಲಲ್ಲಿ ಕೊನೆಯ ಗುಂಡಿಯಿಂದ ಎದ್ದ ಕಾರಿನಡಿ ಏನೋ ಲಟಕ್ಕೆಂದಿತು. ರಾಮಲಕ್ಷ್ಮಮ್ಮನ ಮನೆಮುಂದೆ ಕಾರು ತಾನಾಗಿಯೇ ನಿಂತಿತು.

ಜನ ಸುತ್ತ ನಿಂತರು. ಶಿರೀಷಾ ಪರದೆಯನ್ನು ನೋಡಿದಳು. ಒರೆಸಿ ಮತ್ತೆ ನೋಡಿದಳು.

"ಇಷ್ಟು ಕೆಟ್ಟ ಅಂಕ ನಾನೆಲ್ಲೂ ನೋಡಿಲ್ಲ."

ಊರು ಶಿಳ್ಳೆ ಹಾಕಿತು. ರಾಮಲಕ್ಷ್ಮಮ್ಮ ಅಳಿಯನ ದೃಷ್ಟಿ ತೆಗೆದು ನೆಟಿಗೆ ಮುರಿದರು. ಉಮೇಶ ಆ ದಿನ ಮೊದಲ ಬಾರಿಗೆ ನಕ್ಕ.

"ಹಂಗಾದ್ರೆ ಡಾಂಬರು ನಮ್ಗೇ ಫಸ್ಟಾ ಮೇಡಂ?" ದೊಡ್ಡವೆಂಕಟಪ್ಪ ನೆತ್ತಿ ಉಜ್ಜಿಕೊಳ್ಳುತ್ತ ಕೇಳಿದರು.

"ಇಲ್ಲ, ಪಟ್ಟಿಯಿಂದಲೇ ಹೋಯ್ತು."

ಶಿಳ್ಳೆ ನಿಂತಿತು.

"ಮೇಲೊಂದು ಪದರ ಡಾಂಬರು ಹಾಕೋದು ಅರ್ಧ ಕೆಟ್ಟಿರೋ ರಸ್ತೆಗೆ, ಪೂರ್ತಿ ಕೆಡೋ ಮುಂಚೆ ಉಳಿಸ್ಕೊಳ್ಳಕ್ಕೆ. ಇಷ್ಟು ಹಾಳಾಗಿರೋದನ್ನ ಬುಡದಿಂದ ಅಗೆದು ಹೊಸದಾಗಿ ಕಟ್ಬೇಕು. ಅದು ಬೇರೆ ಯೋಜನೆ, ಮಂಜೂರಾಗಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ. ಬೆಳಿಗ್ಗೆ ನೋಡಿದಾಗ ಇದು ಸರಿಯಾಗಿ ಅರ್ಧ ಕೆಟ್ಟಿರೋ ಹಾಗೆ ಕಾಣ್ತಿತ್ತಪ್ಪ. ನಿಮ್ಮೂರಿಗೇ ಮೊದಲು ಬರುತ್ತೆ ಅಂದ್ಕೊಂಡಿದ್ದೆ."

ಹಾರೆ ಹಿಡಿದಿದ್ದವರು ಹಾರೆಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಯಾರಾದರೊಬ್ಬರನ್ನು ದೂರಲೇಬೇಕಿತ್ತಲ್ಲ, ಎಲ್ಲರೂ ಉಮೇಶನ ಕಡೆ ತಿರುಗಿದರು.

"ನಿಧಾನಕ್ಕೆ ಇಳಿಸಕ್ಕೇನಾಗಿತ್ತು ನಿಂಗೆ?" ಎಂದರು ರಾಮಲಕ್ಷ್ಮಮ್ಮ.

ಇನ್ನೊಂದು ಗಳಿಗೆಯೂ ಅಲ್ಲಿರುವುದು ಕ್ಷೇಮವಲ್ಲ ಎಂದುಕೊಂಡು ಉಮೇಶ ಕಾರಿನೊಳಗೆ ಹಾರಿ ಕೀ ತಿರುಗಿಸಿದ. ಕಾರು ಕೆಮ್ಮಿತು, ಕದಲಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ಆಕ್ಸಲ್ ಮುರಿದು ಜೋತಾಡುತ್ತಿತ್ತು. ಕೋಲಾರದ ಮೆಕ್ಯಾನಿಕ್‌ಗೆ ಫೋನ್ ಮಾಡಿ ಊರಿನ ಹೆಸರು ಹೇಳಿದ.

"ಆ ರೋಡಿಗಾ?" ಎಂದಿತು ಆ ಕಡೆಯ ದನಿ. "ರೋಡ್ ಆಗ್ಲಿ ಅಣ್ಣಾ, ಆಮೇಲೆ ಬರ್ತೀನಿ."